ಲಾಭಕ್ಕೂ ಸೊನ್ನೆಗೂ ನಡೆದ ಲಟ್ಟಣಿಗೆ ಕಾಳಗ

ಹನ್ನೊಂದನೆಯ ಹಪ್ಪಳ ಅರ್ಧ ಲಟ್ಟಿಸಿಯಾಗಿತ್ತು. ಅದರ ಪೂರ್ವದಿಕ್ಕಿನ ಅಂಚು ತೆಳುವಾಗಿ, ಪಶ್ಚಿಮದ ಅಂಚು ಇನ್ನೂ ದಪ್ಪನಾಗಿ, ನಡುವೆ ಜೀರಿಗೆಯ ಎರಡು ಕಾಳುಗಳು ಅವಳಿ ಗಿರಿಶಿಖರಗಳಂತೆ ಎದ್ದು ನಿಂತಿದ್ದ ಆ ಮಹಾಮುಹೂರ್ತದಲ್ಲಿ, ಉದ್ದಿನಹಿಟ್ಟಿನ ಧೂಳಿಯಿಂದ ಮೊಣಕೈಯವರೆಗೆ ಧವಳಾಂಗಿಯಾದ, ಲಟ್ಟಣಿಗಾಯುಧಧಾರಿಣಿಯಾದ, ಮೂವತ್ತು ವರ್ಷಗಳಲ್ಲಿ ತಾನು ಲಟ್ಟಿಸಿದ ಹಪ್ಪಳಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರಲೋಕಕ್ಕೆ ಮೆಟ್ಟಿಲಾಗಬಲ್ಲ ಬಾಳವ್ವ ಮುದಗಲ್ಲ ಎಂಬ ವೀರನಾರಿಯು ಥಟ್ಟನೆ ಕೈ ನಿಲ್ಲಿಸಿದಳು.

ಕಿಟಕಿಯ ಕಟ್ಟೆಯ ಮೇಲಿದ್ದ ಅಂಗೈಯಗಲದ ನೀಲಿ ಸ್ಪೀಕರು ನಾಲ್ಕನೆಯ ಹಾಡನ್ನು ಸುರು ಮಾಡಿತ್ತು.

ಎಲೈ ಉದ್ದಿನ ಹಿಟ್ಟೇ! ಒನಕೆಯ ಏಟು ತಿಂದಷ್ಟೂ ಮೃದುವಾಗುವ ಮಹಾಮಾತೆಯೇ, ಈ ಕಥೆಯ ನಾಲಿಗೆಗೂ ನಾಲ್ಕು ಹನಿ ಎಣ್ಣೆ ಸವರು. ಎಲೈ ಇಂಗೇ, ಮೆಣಸೇ, ಹಪ್ಪಳಖಾರವೇ, ಹದ ತಪ್ಪದಂತೆ ಜೊತೆಗಿರಿ. ದ್ವಾಪರದಲ್ಲಿ ದಾಯಾದಿಗಳು ನೆಲಕ್ಕಾಗಿ ಕಾದಾಡಿದರು. ತ್ರೇತೆಯಲ್ಲಿ ಸಮುದ್ರಕ್ಕೆ ಸೇತುವೆ ಕಟ್ಟಿ ಹೋಗಿ ಕಾದಾಡಿದರು. ಕಲಿಯುಗದ ಈ ಪಾದದಲ್ಲಿ, ಬೆರಳ ತುದಿಯಿಂದ ಗಾಜು ಸವರಿದರೆ ಮೂರು ಲೋಕವೂ ಕುಣಿಯತೊಡಗುವ ಕಾಲದಲ್ಲಿ, ಬೆಟಗೇರಿಯ ಹಳೆಯ ಮಗ್ಗದ ಶೆಡ್ಡಿನೊಳಗೆ ಹನ್ನೆರಡು ಜನ ಹೆಂಗಸರು, ಕೆಲವು ಹಾಡುಗಳು ಚೆನ್ನಾಗಿವೆಯೋ ಇಲ್ಲವೋ ಎಂಬುದಕ್ಕಾಗಿ ಐದು ತಿಂಗಳು ಕಾದಾಡಿದರು. ಸೇತುವೆ ಕಟ್ಟಲಿಲ್ಲ, ಅಷ್ಟೇ.

ಈ ಕಾಳಗದ ಬೀಜ ಬಿದ್ದದ್ದು ಹೋದ ಬೇಸಿಗೆಯಲ್ಲಿ.

ಶ್ರೀ ಅನ್ನಪೂರ್ಣಾ ಮಹಿಳಾ ಹಪ್ಪಳ ಸಂಘದ ಬಾಗಿಲಲ್ಲಿ ಒಂದು ಮಧ್ಯಾಹ್ನ, ಹೆಗಲಿಗೆ ಚೀಲ, ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಬದನೆಕಾಯಿಯ ಗಾತ್ರದ ಮೈಕು ಹಿಡಿದ ಹುಡುಗಿಯೊಬ್ಬಳು ಬಂದು ನಿಂತಳು. ಹೆಸರು ವನಮಾಲಾ ಕಮ್ಮಾರ. ಗದಗಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಲೆಕ್ಕದ ಟೀಚರು. ಲೆಕ್ಕವನ್ನೇ ಹಾಡು ಮಾಡುವ ಹುಚ್ಚು ಆಕೆಗೆ. ಹಾಡೆಂದರೆ ರಾಗ ಎಳೆಯುವ ಹಾಡಲ್ಲ. ತಾಳದ ಮೇಲೆ ಮಾತನ್ನು ಹುರಿಗಡಲೆ ಹುರಿದಂತೆ ಪಟಪಟನೆ ಸಿಡಿಸುವ ರ‍್ಯಾಪ್. ಪೇಟೆಯಿಂದ ತಂದ ಡ್ರಮ್ಮಿನ ಸಪ್ಪಳ ಆಕೆಗೆ ಹಿಡಿಸಿರಲಿಲ್ಲ. ಹನ್ನೆರಡು ಲಟ್ಟಣಿಗೆಗಳು ಹನ್ನೆರಡು ಮಣೆಗಳ ಮೇಲೆ ಒಟ್ಟಿಗೆ ಉರುಳುವ ಸಪ್ಪಳ ಬೇಕಿತ್ತು.

ಹೆಂಗಸರು ನಕ್ಕರು, ನಾಚಿದರು, ಆಮೇಲೆ ಜೀವ ಬಿಟ್ಟು ಲಟ್ಟಿಸಿದರು. ಬಾಳವ್ವ ಆಕೆಗೆ ರೊಟ್ಟಿ, ಝುಣಕ ಬಡಿಸಿದಳು. ಊಟವಾದ ಮೇಲೆ ಬಾಳವ್ವ ಒಣಗಿದ ಹಪ್ಪಳ ಎಣಿಸಲು ಕೂತಾಗ ಹುಡುಗಿ ಕಣ್ಣರಳಿಸಿ ಕೇಳಿದಳು.

“ಅಜ್ಜೀ, ಒಂದು ಅನ್ನಲಿಲ್ಲಲ್ರೀ ನೀವು? ‘ಲಾಭ, ಎರಡು, ಮೂರು’ ಅಂದ್ರಿ!”

“ಹಂಗ ಅನ್ನೂದವ್ವಾ. ಮೊದಲನೇದಕ್ಕ ಲಾಭ ಅನಬೇಕು. ನಮ್ಮವ್ವ ಕಲಿಸಿದ್ದು.”

“ಇನ್ನೊಮ್ಮೆ ಅನ್ರಿ, ಇದರಾಗ ಹಿಡಕೋತೀನಿ.”

ಬಾಳವ್ವ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಮೈಕಿನ ಮುಂದೆ ಇಪ್ಪತ್ತೈದರವರೆಗೆ ಎಣಿಸಿದಳು. ಒಮ್ಮೆಯಲ್ಲ, ಮೂರು ಸಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಬಾಳವ್ವನಂತೂ ಒಂದು ದಿನವೂ ಮರೆಯಲಿಲ್ಲ.

ದಸರೆಯ ಹೊತ್ತಿಗೆ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಒಳಗೊಂದು ಪೆನ್‌ಡ್ರೈವ್, ಅದರಲ್ಲಿ ‘ಕಂಪಾಸ್ ಪೆಟ್ಟಿಗಿ’ ಎಂಬ ಹೆಸರಿನ ಒಂಬತ್ತು ಹಾಡು. ಜೊತೆಗೊಂದು ಕಾಗದ: “ಇದರೊಳಗಿನ ತಾಳ ನಿಮ್ಮದು. ಹೊರಗಿನ ಮಂದಿ ಏನರ ಅನ್ಲಿ, ನಿಮಗ ಹ್ಯಾಂಗ ಅನಿಸ್ತು ಅಂತ ನಾಲ್ಕು ಸಾಲು ಬರೀರಿ. ನಿಮ್ಮ ಮಾತು ಬಂದ ಮೇಲನ ಮುಂದಿನ ಹಾಡು.” ಉತ್ತರಕ್ಕೆಂದು ಅಂಚೆಚೀಟಿ ಅಂಟಿಸಿ, ವಿಳಾಸ ಬರೆದ ಲಕೋಟೆಯನ್ನೂ ಇಟ್ಟಿದ್ದಳು, ಪುಣ್ಯಾತ್ಗಿತ್ತಿ.

ನಾಲ್ಕು ಸಾಲು! ಆದರೆ ಸಂಘಕ್ಕೆ ಕಾಯಿದೆಯೊಂದಿತ್ತು. ಸಂಘದ ಹೆಸರಿನಲ್ಲಿ ಕಾಗದ ಹೋಗಬೇಕಾದರೆ ಹನ್ನೆರಡೂ ಜನ ಒಪ್ಪಿ ಸಹಿ ಹಾಕಬೇಕು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಬೇಕು. ಸಂಘದ ವಸ್ತುವನ್ನು ಯಾರೂ ಮನೆಗೆ ಒಯ್ಯಕೂಡದು ಎಂಬುದು ಇನ್ನೊಂದು ಕಾಯಿದೆ. ಎರಡನ್ನೂ ಮಾಡಿದವಳು ಬಾಳವ್ವನೇ. ಲಕೋಟೆ ಅನ್ನಪೂರ್ಣೆಯ ಫೋಟೋದ ಹಿಂದೆ ಸಿಕ್ಕಿಕೊಂಡಿತು. ಪೆನ್‌ಡ್ರೈವು ಬಾಳವ್ವನ ಸೆರಗಿನ ತುದಿಯ ಗಂಟಿನಲ್ಲಿ, ಶೆಡ್ಡಿನ ಬೀಗದಕೈಯ ಜೊತೆ ವಾಸಮಾಡತೊಡಗಿತು.

ಮೊದಲ ಮೂರು ಹಾಡುಗಳ ಬಗ್ಗೆ ಜಗಳವೇ ಇರಲಿಲ್ಲ. ಹೊರಲೋಕದ ರಸಿಕರು ಹಾಡನ್ನು ಕಿವಿಯಿಂದ ಅಳೆಯುತ್ತಾರೆ. ಬೆಟಗೇರಿಯ ಈ ಪಂಡಿತೆಯರು ಮಣೆಯ ಮೇಲೆ ಅಳೆದರು. ಮೊದಲ ಹಾಡು, ಲೆಕ್ಕದಲ್ಲಿ ಬರುವ ಪೈ ಎಂಬ ಬಾಲ ಮುಗಿಯದ ಸಂಖ್ಯೆಯ ಮೇಲಿನದು, ಹಚ್ಚಿದಾಗ ಹಪ್ಪಳಗಳು ಬಳೆ ಇಟ್ಟು ಕೊರೆದಂತೆ ದುಂಡಗೆ ಬಂದವು. ಆದ್ದರಿಂದ ಅದು ಉತ್ತಮ ಹಾಡು. ಎರಡನೆಯದು, ಗ್ರಹಗಳ ಪಟ್ಟಿಯಿಂದ ಹೊರಬಿದ್ದ ಪ್ಲೂಟೋನ ಕಥೆ.

*ಒಂಬತ್ತು ಮಂದಿ ಅಣತಮ್ರು, ಉಣ್ಣಾಕ ಕುಂತ್ರು ಸಾಲಾಗಿ,*
*ಸಣ್ಣಾವನ್ನ ಎಬ್ಬಿಸಿ ಕಳಿಸ್ಯಾರ, ಎಲಿ ಎತ್ಯಾರ ಖಾಲಾಗಿ!*

ಇದಕ್ಕೆ ಇಬ್ಬರು ಕಣ್ಣೊರೆಸಿಕೊಂಡರು. “ಸಣ್ಣದೈತಂತ ಪಂಗ್ತಿಯಿಂದ ಎಬ್ಬಸ್ತಾರೇನವ್ವಾ? ಎಂಥಾ ಮಂದಿ!” ಎಂದು ಶಾಪ ಹಾಕಿದರು, ಹಾಗೆ ಎಬ್ಬಿಸಿದವರಿಗೂ ಒಂದು ಕಾಗದ ಬರೆಯಬೇಕೆಂಬ ಸೂಚನೆ ಬಂದು, ವಿಳಾಸ ಸಿಗದೆ ಬಿದ್ದುಹೋಯಿತು. ಮೆಣಸಿನ ಹಪ್ಪಳಕ್ಕೆ ಈ ಹಾಡೆಂದು ಗೊತ್ತುಪಡಿಸಿದರು, ಹೇಗೂ ಮೂಗು ಸೋರುವುದು ಒಂದೇ. ಮೂರನೆಯದು ಪಾಸ್‌ವರ್ಡ್ ಮರೆತ ಗಂಡನೊಬ್ಬ ಹೆಂಡತಿಯ ಹುಟ್ಟಿದ ದಿನವನ್ನೂ ಮರೆತಿದ್ದು ಬಯಲಾಗುವ ಹಾಡು. ನಕ್ಕು ನಕ್ಕು ಹದಿನೇಳು ಹಪ್ಪಳ ಹರಿದವು. ಆ ಹಾಡು ಬಂದಾಗ ಕೈ ಎತ್ತಿ ಕೂಡ್ರಬೇಕೆಂದು ನಿರ್ಣಯವಾಯಿತು.

ಆಮೇಲೆ ನಾಲ್ಕನೆಯದು.

*ಸೊನ್ನೀಲಿಂದ ಸುರು ಮಾಡ, ಒಂದರ ಸೊಕ್ಕ ಮುರದ ಇಡ,*
*ಕಂಪ್ಯೂಟರಿನ ಮನಿಯಾಗ ಸೊನ್ನಿನ ಹಿರಿ ಮಗ ನೋಡ!*
*ಸೊನ್ನಿ! ಒಂದು! ಎರಡು! ಮೂರು!*

ಇಷ್ಟು ಕೇಳಿದ್ದೇ ತಡ, ಬಾಳವ್ವ ಎದ್ದಳು, ಹಿಟ್ಟಿನ ಕೈ ಝಾಡಿಸಿದಳು, ಎದೆಗೆ ನಾಟಿದ ಬಾಣ ಕೀಳುವಂತೆ ಸ್ಪೀಕರಿನಿಂದ ಪೆನ್‌ಡ್ರೈವನ್ನು ಕಿತ್ತು ಸೆರಗಿಗೆ ಗಂಟು ಹಾಕಿಕೊಂಡಳು. ಮರುದಿನ ಹೆಂಗಸರು ಕಾಡಿಬೇಡಿ ಮತ್ತೆ ಹಚ್ಚಿಸಿದರೆ, ಹಾಡು ಜಿಗಿಸುವ ಗುಂಡಿಯಿಲ್ಲದ ಆ ಸ್ಪೀಕರು ಮೊದಲಿನಿಂದ ಹಾಡುತ್ತಿತ್ತು. ಪೈ ಬಂತು, ಪ್ಲೂಟೋ ಬಂದ, ಗಂಡ ಬಂದ, ಸೊನ್ನೆ ಬಂತು, ಬಾಳವ್ವ ಎದ್ದಳು. ಐದು ತಿಂಗಳು ಹೀಗೇ ನಡೆಯಿತು.

ಸೊನ್ನೆಯ ಪಕ್ಷದ ಸೇನಾಪತಿ ಹುಸೇನಬಿ ನದಾಫ. ಎಡಗೈ ಬಲಗೈ ಎರಡರಿಂದಲೂ ಲಟ್ಟಿಸಬಲ್ಲ ಸವ್ಯಸಾಚಿ, ಆ ನೀಲಿ ಸ್ಪೀಕರಿನ ಒಡತಿ, ಬಾಳವ್ವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಬಾಳವ್ವನ ಮಗ್ಗುಲಿನ ಮಣೆಯೇ ಅವಳದು. ಮೊದಲ ದಿನದ ಯುದ್ಧದಲ್ಲಿ ಅವಳು ಲಟ್ಟಣಿಗೆಯನ್ನು ಗದೆಯಂತೆ ಹೆಗಲಿಗೇರಿಸಿ ಹೀಗೆ ಗರ್ಜಿಸಿದಳು.

“ಬಾಳವ್ವಕ್ಕಾ, ಕೇಳ್! ಎಡಗೈಲೆ ನೂರು, ಬಲಗೈಲೆ ನೂರು ಲಟ್ಟಸೂ ಕೈ ಇವು. ನಮ್ಮಪ್ಪ ಹತ್ತಿ ಹಿಂಜಾವ. ಆ ಬಿಲ್ಲಿನ ಟಂವ್ ಟಂವ್ ಸಪ್ಪಳದಾಗ ಹುಟ್ಟಿ, ಅದರಾಗ ಮಲಗಿ, ಅದರಾಗ ಎದ್ದಾಕಿ ನಾ. ತಾಳ ನನಗ ಕಲಸಬ್ಯಾಡ! ಈ ಹುಡುಗಿ ಹಾಡಿನ್ಯಾಗ ನಮ್ಮಪ್ಪನ ಬಿಲ್ಲಿನ ಸಪ್ಪಳ ಐತಿ. ನಾಲ್ಕನೇದು ಚೊಲೋ ಐತಿ ಅಂತ ಬರಸೂತನಕ ಈ ಮಣಿ ಬಿಟ್ಟು ಏಳಂಗಿಲ್ಲ!”

(ಒಂದು ಗಂಟೆಗೆ ಊಟಕ್ಕೆ ಎದ್ದಳು. ಶಪಥದ ಮಾತು ಯಾರೂ ಎತ್ತಲಿಲ್ಲ.)

ಅದಕ್ಕೆ ಬಾಳವ್ವ, ಕೂತಲ್ಲಿಂದ ಅಲುಗದೆ, ಮೇರುಪರ್ವತವೇ ಎಲೆ ಅಡಿಕೆ ಜಗಿಯುತ್ತ ಮಾತಾಡಿದಂತೆ ನುಡಿದಳು.

“ಏ ಹುಸೇನಬೀ, ನೀ ಇನ್ನೂ ತೊಟ್ಟಲಕ್ಕೂ ಬಂದಿರಲಿಲ್ಲ, ಆವಾಗಿಂದ ನಮ್ಮವ್ವ ಗದಗಿನ ಪ್ಯಾಟ್ಯಾಗ ಜ್ವಾಳ ಅಳೀತಿದ್ಲು. ಮೊದಲನೇ ಸೇರಿಗೆ ಒಂದು ಅನ್ನಾಕಿ ಅಲ್ಲ, ಲಾಭ ಅಂತಿದ್ಲು. ಕೊಟ್ಟಾವಗೂ ಲಾಭ, ತಗೊಂಡಾವಗೂ ಲಾಭ, ಹಾದೀಲೆ ಹೋಗಾವ ಕೇಳಿದ್ರ ಅವಗೂ ಲಾಭ. ಎಣಿಕಿ ಸುರು ಮಾಡೂದಂದ್ರ ಮನಿ ಬಾಗಲಾ ತಗದಂಗ. ಬಾಗಲಾ ತಗದು ‘ಏನೂ ಇಲ್ಲ’ ಅಂತಾರೇನು ಯಾರರ? ಸೊನ್ನಿ ಅಂತ ಸುರು ಆಗೂ ಹಾಡಿಗೆ ನನ್ನ ಸಹಿ ಇಲ್ಲ!”

“ಅಕ್ಕಾ, ಅದು ಕಂಪ್ಯೂಟರಿನ ಲೆಕ್ಕ.”

“ಕಂಪ್ಯೂಟರ್ ಹಪ್ಪಳ ತಿಂತೈತೇನು?”

ಹುಸೇನಬಿ ಗದೆಯನ್ನು ಹೆಗಲಿನಿಂದಿಳಿಸಿ ಮುಂದಿನ ಉಂಡೆಗೆ ಕೈ ಹಾಕಿದಳು.

ನಡುವೆ ಸಿಕ್ಕು ನಲುಗಿದವಳು ಕಸ್ತೂರಿ, ಹತ್ತನೆಯ ಇಯತ್ತೆ ಪಾಸಾದ ತಪ್ಪಿಗೆ ಸಂಘದ ಲೇಖಕಿಯಾದವಳು. ಅವಳು ಬರೆದ ಮೊದಲ ಕರಡು ನಾಲ್ಕು ಪುಟ, ಹುಸೇನಬಿಯ ಕಡೆ ವಾಲಿತ್ತು; ಬಾಳವ್ವ ಅದರಲ್ಲಿ ಇಂಗು ಕಟ್ಟಿದಳು. ಎರಡನೆಯ ಕರಡು ಬಾಳವ್ವನ ಕಡೆ ವಾಲಿತ್ತು. ಹುಸೇನಬಿ ಅದನ್ನು ಮಡಚಿ ಅಲುಗಾಡುವ ಮಣೆಯ ಕೆಳಗಿಟ್ಟಳು. ಮೂರನೆಯದರಲ್ಲಿ ಕಸ್ತೂರಿ ಜಾಣತನದಿಂದ “ಹಾಡುಗಳು ಚೆನ್ನಾಗಿವೆ, ಆದರೆ” ಎಂದು ಬರೆದು ನಿಲ್ಲಿಸಿದಳು. ಆ “ಆದರೆ” ಇರಬೇಕೋ ಬೇಡವೋ ಎಂದು ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಹೋಯಿತು. ಉಳಿದ ಒಂಬತ್ತು ಜನ ಬೆಳಿಗ್ಗೆ ಒಂದು ಪಕ್ಷ, ಚಹಾ ಕುಡಿದ ಮೇಲೆ ಇನ್ನೊಂದು ಪಕ್ಷ.

ಆದರೆ ಬಾಳವ್ವನ ಎದೆಯೊಳಗೆ ಇದ್ದದ್ದೇನು? ಸೊನ್ನೆಯ ಮೇಲೆ ಅವಳಿಗೆ ಅಂಥಾ ದ್ವೇಷವೇನೂ ಇರಲಿಲ್ಲ. ಮೊದಲ ದಿನ ಹಾಡು ಹಚ್ಚಿದಾಗ ಅವಳು ಲಟ್ಟಿಸಿದ್ದು ಕೈಯಿಂದ ಮಾತ್ರ. ಕಿವಿ ಸ್ಪೀಕರಿನ ಹತ್ತಿರ ಕೂತಿತ್ತು. ಮೊದಲ ಹಾಡಿನಲ್ಲಿ ಲಟ್ಟಣಿಗೆಗಳ ಸಪ್ಪಳ ಬಂತು, ಎಲ್ಲರೂ ತಮ್ಮತಮ್ಮದನ್ನು ಗುರುತು ಹಿಡಿದು ಕೂಗಿದರು. ಅವಳು ಇನ್ನೊಂದಕ್ಕೆ ಕಾದಳು. ಎರಡನೆಯದರಲ್ಲಿ ಬರಲಿಲ್ಲ, ಮೂರನೆಯದರಲ್ಲಿ ಬರಲಿಲ್ಲ. ನಾಲ್ಕನೆಯದು ಎಣಿಕೆಯ ಹಾಡೆಂದು ಗೊತ್ತಾದಾಗ ಸೆರಗು ಸರಿಮಾಡಿಕೊಂಡಳು. ಆಗ ಕೇಳಿಸಿದ್ದು ಲಾಭವಲ್ಲ, ಸೊನ್ನೆ. ಬಾಳವ್ವನ ದನಿಯಲ್ಲ, ಬೇರೆ ಯಾರದೋ. ಮೂರು ಸಲ ಎಣಿಸಿ ಕೊಟ್ಟದ್ದನ್ನು ಆ ಹುಡುಗಿ ಎಲ್ಲೋ ಬಿಸಾಕಿದ್ದಾಳೆ. ಅರವತ್ತೆಂಟು ವರ್ಷದ ಹೆಂಗಸು ಇದನ್ನು ಯಾರ ಮುಂದೆ ಹೇಳಿಕೊಂಡಾಳು? ಹೇಳದೆ ಇದ್ದದ್ದು ಒಳಗೊಳಗೇ ಸಿದ್ಧಾಂತವಾಗಿ ಬೆಳೆಯಿತು.

ಸರಿ. ಹನ್ನೊಂದನೆಯ ಹಪ್ಪಳವನ್ನು ಅರ್ಧಕ್ಕೇ ಬಿಟ್ಟು ಬಂದಿದ್ದೇವೆ. ಅದು ಒಣಗುವ ಮುನ್ನ ಹಿಂದಿರುಗೋಣ.

ಶಿವರಾತ್ರಿ ಮುಗಿದ ಮರುವಾರ ಅದು. ಬಾಳವ್ವ ಹಿಂದಿನ ಎರಡು ದಿನ ಪೆನ್‌ಡ್ರೈವ್ ಸಮೇತಳಾಗಿ ರೋಣಕ್ಕೆ, ಬಸುರಿಯಾದ ತಂಗಿಯ ಮಗಳ ಸೀಮಂತದ ಕುಬಸಕ್ಕೆ, ಹೋಗಿ ಬಂದಿದ್ದಳು. ನಾಲ್ಕನೆಯ ಹಾಡು “ಸೊನ್ನೀಲಿಂದ” ಎಂದಿತು. ಬಾಳವ್ವ ಎದ್ದಳು. ಕೈ ಝಾಡಿಸಿದಳು. ಅಷ್ಟರಲ್ಲಿ ಬಾಗಿಲಲ್ಲಿ ಸೈಕಲ್ಲಿನ ಗಂಟೆ ಮೊಳಗಿತು.

ಬಂದವನು ಭರಮಪ್ಪ, ವನಮಾಲಾಳ ಹೈಸ್ಕೂಲಿಗೆ ಸೇರಿದ ಹಾಸ್ಟೆಲ್ಲಿನ ಅಡಿಗೆಯವನು, ವಾರಕ್ಕೊಮ್ಮೆ ಹಪ್ಪಳ ಒಯ್ಯುವವನು. ಹುಸೇನಬಿ ಸ್ಪೀಕರಿನ ಗುಂಡಿ ಒತ್ತಿ ಹಾಡನ್ನು ಅಲ್ಲಿಗೇ ತಡೆದಳು. ಭರಮಪ್ಪ ಕ್ಯಾರಿಯರಿನಿಂದ ಒಂದು ಪ್ಯಾಕೆಟ್ಟು ಬಿಚ್ಚಿ ಮುಂದಿಟ್ಟ.

“ಅಕ್ಕಾರ, ನಿನ್ನೆ ಒಯ್ದ ಪಾಕೀಟಿನ್ಯಾಗ ಇಪ್ಪತ್ತೈದರ ಮ್ಯಾಲ ಒಂದೊಂದು ಹಪ್ಪಳ ಹೆಚ್ಚಿಗಿ ಬಂದಾವ್ರೀ. ಒಂದರಾಗಲ್ಲ, ನಲವತ್ತರಾಗೂ! ಹುಡುಗ್ಯಾರು ಉಳಿದ ಹಪ್ಪಳಕ್ಕ ಗುದ್ದಾಡಾಕತ್ಯಾರ. ಮರತು ಹಾಕೀರೇನು, ಬೇಕಂತ ಹಾಕೀರೇನು, ಕೇಳಿ ಹೋಗೂನು ಅಂತ ಬಂದೆ.”

ಬಾಳವ್ವ ನಿಧಾನಕ್ಕೆ ತಲೆ ತಿರುಗಿಸಿ ಹುಸೇನಬಿಯನ್ನು ನೋಡಿದಳು. ಅವಳಿಲ್ಲದ ಎರಡು ದಿನ ಎಣಿಕೆಯ ಚಾಪೆಯ ಮೇಲೆ ಕೂತವಳು ಹುಸೇನಬಿಯೇ.

ಭರಮಪ್ಪ ಚಹಾದ ಬಟ್ಟಲು ಹಿಡಿದು ಕೂತು ಮತ್ತೊಂದು ಸುದ್ದಿ ಹೇಳಿದ.

“ಆಮ್ಯಾಲ ನಮ್ಮ ವನಮಾಲಾ ಟೀಚರು ಹಾಡ ಕಟ್ಟೂದ ಬಿಡ್ತಾರಂತ್ರೀ. ಆ ಮೈಕು, ಆ ಡಬ್ಬಿ ಎಲ್ಲಾ ಪೆಟ್ಟಿಗ್ಯಾಗ ಕಟ್ಟ್ಯಾರ. ಐತವಾರ ಹುಬ್ಬಳ್ಳಿಗೆ ಒಯ್ದು ಯಾರಿಗೋ ಕೊಟ್ಟು ಬರಾವ್ರು.”

“ಯಾಕೋ ಭರಮಪ್ಪಾ?”

“ಮೊಬೈಲಿನ್ಯಾಗ ಮಂದಿ ಏನೇನೋ ಬರದ್ರಂತ. ‘ಇದು ಹಾಡೋ, ಹೋಂವರ್ಕೋ’ ಅಂತ ಒಬ್ಬಾವ. ‘ಹಪ್ಪಳದ ಸಪ್ಪಳಕ್ಕ ಯಾರರ ಕುಣೀತಾರೇನು’ ಅಂತ ಇನ್ನೊಬ್ಬಾವ. ಅದಕ್ಕೇನೂ ಟೀಚರು ಅಂಜಲಿಲ್ರೀ, ನಕ್ಕು ಬಿಟ್ರು. ‘ಲಟ್ಟಣಗಿ ಸಪ್ಪಳ ಕೊಟ್ಟ ತಾಯಂದ್ರು ಐದು ತಿಂಗಳಾದ್ರೂ ಒಂದು ಅಕ್ಷರ ಬರೀಲಿಲ್ಲ ಭರಮಪ್ಪಾ, ಅವ್ರಿಗೇ ಹೊಲಸ ಅನಿಸಿರಬೇಕು’ ಅಂದ್ರು. ಅಂದು ಕಣ್ಣಾಗ ನೀರು ತಂದ್ರು. ಚೊಲೋ ಅದಾವೇನು ಇಲ್ಲೇನು, ನನಗರ ಹೇಳ್ರಿ, ಈಗ ಹೋಗಿ ಬಾಯಿಲೆ ಹೇಳ್ತೀನಿ.”

ಎಲ್ಲರೂ ಬಾಳವ್ವನ ಮುಖ ನೋಡಿದರು. ಆ ಮುಖ ಹಸಿ ಹಪ್ಪಳದಂತೆ ಬಿಳಚಿಕೊಂಡಿತ್ತು.

“ಸಂಘದ ಮಾತು ಬಾಯಿಲೆ ಹೋಗಂಗಿಲ್ಲ,” ಅಂದಳು ಕಡೆಗೆ, ಆದರೆ ಮೊದಲಿನ ಗುಡುಗು ಇರಲಿಲ್ಲ. “ಕಾಗದದಾಗ ಹೋಗ್ತೈತಿ.”

ಭರಮಪ್ಪ ಎದ್ದು ಸೈಕಲ್ಲು ಹತ್ತುತ್ತ, “ಹುಡುಗ್ಯಾರು ಚಪಾತಿ ಎಣಸೂ ಮುಂದ ನಿಮ್ಮಂಗ ಲಾಭ ಅಂತಾರ ನೋಡ್ರಿ ಅಕ್ಕಾರ, ಎಲ್ಲಿ ಕಲತ್ರೋ ಏನೋ,” ಎಂದು ನಕ್ಕು ಹೋದ. ಅದು ಯಾರ ತಲೆಗೂ ಹೋಗಲಿಲ್ಲ. ಎಲ್ಲರ ಕಣ್ಣೂ ಆ ಪ್ಯಾಕೆಟ್ಟಿನ ಮೇಲಿತ್ತು.

ಆಗ ಆರಂಭವಾಯಿತು ಅಂತಿಮ ದ್ವಂದ್ವಯುದ್ಧ. ಬಾಳವ್ವ ಚಾಪೆಯ ಮೇಲೆ ಪದ್ಮಾಸನ ಹಾಕಿ, ಪ್ಯಾಕೆಟ್ಟು ಒಡೆದು, ಒಂದೊಂದೇ ಹಪ್ಪಳವನ್ನು ಶತ್ರುವಿನ ಕಿರೀಟಗಳಂತೆ ಎತ್ತಿ ಎತ್ತಿ ಇಟ್ಟಳು. “ಲಾಭ... ಎರಡು... ಮೂರು...” ದನಿ ಶೆಡ್ಡಿನ ತಗಡಿಗೆ ತಾಗಿ ಮರಳಿತು. “...ಇಪ್ಪತ್ತೈದು.” ಕೈಯಲ್ಲಿ ಇನ್ನೊಂದು ಉಳಿದಿತ್ತು. “ಇಪ್ಪತ್ತಾರು!”

“ಇಲ್ಲಕ್ಕಾ, ಅಲ್ಲಾನಾಣಿ ನಾ ಸರೀ ಎಣಿಸೇನಿ!” ಹುಸೇನಬಿ ಮುಂದೆ ಜಿಗಿದು ಹಪ್ಪಳಗಳನ್ನು ಎಳೆದುಕೊಂಡಳು. “ಸೊನ್ನಿ... ಒಂದು... ಎರಡು...” ಅವಳ ಕೈ ಮಿಂಚಿನಂತೆ ಓಡಿತು. “...ಇಪ್ಪತ್ನಾಲ್ಕು, ಇಪ್ಪತ್ತೈದು! ನೋಡ್, ಸರೀ ಐತಿಲ್ಲೋ?”

ಅದೇ ಹಪ್ಪಳ, ಅದೇ ಚಾಪೆ. ಒಬ್ಬಳಿಗೆ ಇಪ್ಪತ್ತಾರು, ಒಬ್ಬಳಿಗೆ ಇಪ್ಪತ್ತೈದು. ಉಳಿದವರು ಚಾಪೆಯ ಸುತ್ತ ಬಗ್ಗಿ ನಿಂತರು. ಕಸ್ತೂರಿ ಮಾತ್ರ ಬೆರಳು ಮಡಚಿ ಮಡಚಿ ನೋಡಿ ಮೆಲ್ಲಗೆ ಅಂದಳು.

“ಹುಸೇನಬಿ ಚಿಗವ್ವಾ, ಸೊನ್ನಿ ಅಂತ ಒಂದು ಹಪ್ಪಳ ಇಟ್ಟಿಯಲ್ಲಾ... ಅದೂ ಹಪ್ಪಳನ ಅಲ್ಲೇನ?”

ಹುಸೇನಬಿ ಆ ಮೊದಲ ಹಪ್ಪಳವನ್ನು ನೋಡಿದಳು. ನೋಡಿದಳು. ಎಡಗೈ ಬಲಗೈಗಳ ಸವ್ಯಸಾಚಿ ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡಳು. “ಯಾ ಅಲ್ಲಾ! ಹಾಡಿನ ತಾಳದ ಮ್ಯಾಲ ಎಣಸಾಕತ್ತಿದ್ದೆ ಅಕ್ಕಾ... ನಲವತ್ತು ಪಾಕೀಟು!”

ಜಯಲಕ್ಷ್ಮಿಯು ಮಾಲೆ ಹಿಡಿದು ಬಾಳವ್ವನ ಮುಂದೆ ಬಂದು ನಿಂತಿದ್ದ ಗಳಿಗೆ ಅದು. ಐದು ತಿಂಗಳ ವಾದ ಒಂದೇ ಏಟಿಗೆ ಗೆದ್ದಿತ್ತು. “ನೋಡಿದ್ರಿಲ್ಲೋ ಸೊನ್ನಿಯ ಫಲ!” ಎಂದುಬಿಟ್ಟಿದ್ದರೆ ಸಾಕಿತ್ತು. ಬಾಳವ್ವ ಬಾಯಿ ತೆರೆದಳು ಕೂಡ. ಆದರೆ ಸಾಕ್ಷಿಗೆಂದು ಆ ಸೊನ್ನೆಯ ಹಪ್ಪಳವನ್ನು ಚಾಪೆಯಿಂದ ಎತ್ತಿಕೊಂಡಿದ್ದಳು, ಅದನ್ನು ಹಿಡಿದ ಕೈಗೆ ಯಾವುದೋ ಹಳೆಯ ಭಾರ ನೆನಪಾಯಿತು. ಗದಗಿನ ಪೇಟೆಯಲ್ಲಿ ಅವ್ವ ಸೇರು ಅಳೆದು ಮುಗಿಸಿದ ಮೇಲೆ, ಕೊಳ್ಳುವವರ ಚೀಲಕ್ಕೆ ಒಂದು ಬೊಗಸೆ ಜೋಳ ಮೇಲಿಂದ ಸುರಿಯುತ್ತಿದ್ದಳು. ಅದು ಕೊಸರು. ಅದನ್ನು ಅವ್ವ ಯಾವತ್ತೂ ಎಣಿಸಿದ್ದಿಲ್ಲ. ಎಣಿಸಿದರೆ ಅದು ಕೊಸರಾಗುವುದಿಲ್ಲ ಅನ್ನುತ್ತಿದ್ದಳು. ಮಂದಿ ದೂರದ ಓಣಿಯಿಂದ ಅವ್ವನ ಹತ್ತಿರವೇ ಬರುತ್ತಿದ್ದದ್ದು ಲಾಭದ ಮಾತಿಗಲ್ಲ, ಆ ಬೊಗಸೆಗೆ.

ಬಾಳವ್ವ ಬಾಯಿ ಮುಚ್ಚಿದಳು. ಆ ಹಪ್ಪಳವನ್ನು ಎಲ್ಲಕ್ಕಿಂತ ಮೊದಲು, ಬೇರೆಯಾಗಿ, ಚಾಪೆಯ ಮೇಲಿಟ್ಟಳು.

“ಅಳಬ್ಯಾಡ ಏ ಹುಚ್ಚಿ. ಇದು ಕೊಸರು. ನಮ್ಮವ್ವ ಕಡೀಕ ಕೊಡತಿದ್ಲು, ನಿನ್ನ ಸೊನ್ನಿ ಮೊದ್ಲ ಕೊಡತೈತಿ. ಕೊಡೂದಂತೂ ಖರೆ.” ಮತ್ತೆ ಮುಟ್ಟಿ ಮುಟ್ಟಿ ತೋರಿಸಿದಳು. “ಕೊಸರು... ಲಾಭ... ಎರಡು... ಮೂರು. ನಿಂದೂ ಆತು, ನಂದೂ ಆತು.”

“ಹಂಗಾರ ನಾಲ್ಕನೇ ಹಾಡು ಚೊಲೋ ಐತೇನಕ್ಕಾ?” ಹುಸೇನಬಿ ಮೂಗೊರೆಸುತ್ತಲೇ ಕೇಳಿದಳು. ಸೋಲಿನಲ್ಲೂ ಶಸ್ತ್ರ ಕೆಳಗಿಡದ ವೀರೆ!

“ಪೂರ್ತಿ ಎಲ್ಲಿ ಕೇಳೇನಿ ನಾ? ಕಸ್ತೂರೀ, ಕಾಗದ ತಗೀ. ಹುಸೇನಬೀ, ನೀ ಹಚ್ಚು ಅದನ್ನ.”

ಗುಂಡಿ ಒತ್ತಿದೊಡನೆ ನಿಂತಲ್ಲಿಂದಲೇ ಹಾಡು ಓಡತೊಡಗಿತು. ಕಸ್ತೂರಿ ತೊಡೆಯ ಮೇಲೆ ಪಟ್ಟಿ ಇಟ್ಟುಕೊಂಡು, ಮೂರು ಕರಡುಗಳ ಮಡಿದ ಆತ್ಮಗಳನ್ನು ನೆನೆ‌ದು, ನಾಲ್ಕನೆಯದಕ್ಕೆ ಲೇಖನಿ ಎತ್ತಿದಳು. ಪೈ ಹಾಡಿಗೆ ಹಪ್ಪಳ ದುಂಡಗೆ ಬರುತ್ತದೆ ಎಂಬುದು ಬರೆದಾಯಿತು. ಪ್ಲೂಟೋನನ್ನು ಪಂಗ್ತಿಗೆ ತಿರುಗಿ ಕರೆಯಬೇಕೆಂಬುದು ಬರೆದಾಯಿತು. ಸೊನ್ನೆಗೆ ನಮ್ಮಲ್ಲಿ ಕೊಸರು ಅನ್ನುತ್ತಾರೆಂಬುದು ಬರೆದಾಯಿತು.

“ಮತ್ತೇನರ ಐತೇನತ್ತೀ?”

ಬಾಳವ್ವ ಲಟ್ಟಣಿಗೆಯ ತುದಿಯಲ್ಲಿ ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತ ಕೂತಳು. ಬಹಳ ಹೊತ್ತು ಕೆರೆದಳು. ಅಲ್ಲಿ ಹಿಟ್ಟು ಉಳಿದಿರಲಿಲ್ಲ.

“ಬರಿ. ‘ಅವತ್ತ ಮೂರು ಸಲ ಎಣಿಸಿ ಕೊಟ್ಟಿದ್ದೆ. ಅದನ್ನ ಎಲ್ಲಿಟ್ಟೀಯವ್ವಾ?’ ಅಂತ ಬರಿ.”

ಕಸ್ತೂರಿಯ ಪೆನ್ನು ನಿಂತಿತು. ಹುಸೇನಬಿ ಬಾಯಿಗೆ ಸೆರಗು ಒತ್ತಿಕೊಂಡಳು. “ಬಾಳವ್ವಕ್ಕಾ! ಇದಕ್ಕೇನ? ಐದು ತಿಂಗಳು ಇದಕ್ಕೇನ ನೀ...”

ಅವಳ ಮಾತು ಮುಗಿಯಲಿಲ್ಲ. ನಾಲ್ಕನೆಯ ಹಾಡು ಮುಗಿದಿತ್ತು. ಕಿತ್ತುಹಾಕುವ ಕೈ ಇಲ್ಲದ್ದರಿಂದ ಸ್ಪೀಕರು, ಜನ್ಮದಲ್ಲಿ ಮೊದಲ ಬಾರಿಗೆ, ಐದನೆಯ ಹಾಡಿಗೆ ಕಾಲಿಟ್ಟಿತು. ಮೊದಲು ಒಂದೇ ಒಂದು ಲಟ್ಟಣಿಗೆ ಉರುಳುವ ಸಪ್ಪಳ. ಆಮೇಲೆ ಗಂಟಲು ಸರಿಮಾಡಿಕೊಂಡ ಸಪ್ಪಳ. ಆಮೇಲೆ, ತಗಡಿನ ಮಾಡಿನ ಕೆಳಗೆ, ದಪ್ಪನೆಯ, ಎಲೆ ಅಡಿಕೆ ಜಗಿದು ಪಳಗಿದ, ಹನ್ನೆರಡೂ ಜನಕ್ಕೆ ಗುರುತಿನ ದನಿ:

*“ಲಾಭ... ಎರಡು... ಮೂರು...”*

ಆ ದನಿಯ ಹಿಂದೆ ವನಮಾಲಾಳ ಮಾತು ಕುಣಿಯುತ್ತ ಬಂತು.

*ಸೊನ್ನಿ ಆತು, ಮುಂದ ನಡೀ, ಅಜ್ಜಿ ಎಣಿಕಿ ಕೇಳ ತಮ್ಮಾ,*
*ಒಂದರ ಸೊಕ್ಕ ಮುರದಾಕಿ ಈಕಿ, ಲಾಭ ಅಂದ್ಲು ನಮ್ಮಮ್ಮಾ!*

ಯಾರೂ ಲಟ್ಟಿಸಲಿಲ್ಲ. ಯಾರೂ ಕೂಗಲಿಲ್ಲ. ಬಾಳವ್ವ ತನ್ನ ದನಿ ಇಪ್ಪತ್ತೈದರವರೆಗೆ ಹೋಗಿ ಮುಗಿಯುವ ತನಕ ಕೂತೇ ಇದ್ದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು; ಮುಖಕ್ಕೆಲ್ಲ ಹಿಟ್ಟಾಯಿತು.

“ಇಪ್ಪತ್ತೊಂದರ ಹತ್ರ ಸ್ವಲ್ಪ ಎಡವೇನಿ,” ಅಂದಳು.

ಆಗ ಬಿತ್ತು ನಗೆ! ತಗಡು ನಡುಗಿತು, ಕಿಟಕಿಯ ಗುಬ್ಬಿಗಳು ಹಾರಿದವು, ಹನ್ನೊಂದನೆಯ ಹಪ್ಪಳ ಯಾರದೋ ಮೊಣಕಾಲಿಗೆ ಅಂಟಿ ವೀರಮರಣ ಹೊಂದಿತು. ಹುಸೇನಬಿ ಬಾಳವ್ವನ ಭುಜ ಹಿಡಿದು ಅಲುಗಾಡಿಸಿದಳು. “ಒಂದು ಹಾಡು ಮುಂದ ಬಿಟ್ಟಿದ್ರ ಮುಗೀತಿತ್ತಲ್ಲಽ ಅಕ್ಕಾ! ಒಂದಽ ಹಾಡು!”

“ಸಾಕು ಬಿಡ ಹಲ್ಲ ಕಿಸಿಯೂದು. ಕಸ್ತೂರೀ, ಆ ಕಡೀ ಸಾಲು ಹೊಡದ ಹಾಕು. ಅಲ್ಲ, ಎಲ್ಲಾ ಹೊಡದ ಹಾಕು. ಹೊಸಾದು ಬರಿ, ಅಂಚಿ ತಗಿಯೂ ಹೊತ್ತಾತು.”

ಹೀಗೆ, ಐದು ತಿಂಗಳ ಮಹಾಸಮರ, ಮೂರು ಕರಡು, ಒಂದು ಶಪಥ, ನಲವತ್ತು ಹಪ್ಪಳಗಳ ಬಲಿ, ಇವೆಲ್ಲದರ ಗರ್ಭದಿಂದ ಹುಟ್ಟಿಬಂದ ಆ ಅಭಿಪ್ರಾಯವು ಇಷ್ಟಿತ್ತು:

*ಹಾಡು ಮುಟ್ಟಿದವು. ಐದು ಕೇಳೇವಿ, ಚೊಲೋ ಅದಾವ. ಉಳಿದ ನಾಲ್ಕು ಕೇಳಿ ಆಮ್ಯಾಲ ಬರೀತೀವಿ. ಪೆಟ್ಟಿಗಿ ಬಿಚ್ಚು. ಸಪ್ಪಳ ಸ್ವಲ್ಪ ಕಡಿಮಿ ಇರಲಿ. ತಡ ಆತು, ಸಿಟ್ಟಾಗಬ್ಯಾಡ.*

ಹತ್ತು ಸಹಿ, ಎರಡು ಹೆಬ್ಬೆಟ್ಟು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ, ‘ಬಾಳವ್ವ’.

ಅನ್ನಪೂರ್ಣೆಯ ಹಿಂದಿನಿಂದ ಲಕೋಟೆ ಇಳಿಯಿತು. ಅದರ ಗೋಂದು ಐದು ತಿಂಗಳ ಊದುಬತ್ತಿಯ ಹೊಗೆ ಕುಡಿದು ಸತ್ತಿತ್ತು. ನೆಕ್ಕಿದರೂ ಅಂಟಲಿಲ್ಲ, ಒತ್ತಿದರೂ ಅಂಟಲಿಲ್ಲ. ಬಾಳವ್ವ ಉಂಡೆಯಿಂದ ಒಂದು ಚಿಟಿಕೆ ಉದ್ದಿನ ಹಿಟ್ಟು ಮುರಿದು, ನೀರು ಹಚ್ಚಿ, ಅಂಚಿಗೆ ಸವರಿ, ಮೇಲೊಮ್ಮೆ ಲಟ್ಟಣಿಗೆ ಉರುಳಿಸಿದಳು. ಬ್ರಹ್ಮಾಂಡ ಬಿರಿದರೂ ಆ ಲಕೋಟೆ ಇನ್ನು ತಾನಾಗಿ ಬಿಚ್ಚುವಂತಿರಲಿಲ್ಲ. ಒಳಗಿನ ಕಾಗದಕ್ಕೆ ಇಂಗಿನ ಘಮವೂ ಸೇರಿತು.

ಅಂಚೆಪೆಟ್ಟಿಗೆ ಇದ್ದದ್ದು ಶೆಡ್ಡಿನಿಂದ ನಲವತ್ತು ಹೆಜ್ಜೆಯಲ್ಲಿ, ರೇಷನ್ ಅಂಗಡಿಯ ಗೋಡೆಗೆ. ಕಾಗದ ತಲುಪಬೇಕಾದ ಮನೆ ರೈಲುಹಳಿಯ ಆಚೆ. ಮನಸ್ಸು ಮಾಡಿದರೆ ಊಟ ಮುಗಿಸಿ ನಡೆದುಹೋಗಿ ಕೈಯಲ್ಲೇ ಕೊಟ್ಟು ಬರಬಹುದಿತ್ತು. ಆದರೆ ಸಂಘದ ಕಾಗದ ಅಂಚೆಯಲ್ಲೇ ಹೋಗಬೇಕು. ಹನ್ನೆರಡು ಜನರೂ, ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ, ದಿಗ್ವಿಜಯಕ್ಕೆ ಹೊರಟ ಸೈನ್ಯದಂತೆ ಓಣಿ ತುಂಬಿ ನಡೆದರು. ಮುಂದೆ ಬಾಳವ್ವ, ಮಗ್ಗುಲಿಗೆ ಹುಸೇನಬಿ.

ಬಾಳವ್ವ ಕೆಂಪು ಪೆಟ್ಟಿಗೆಯ ಬಾಯಿಗೆ ಲಕೋಟೆ ಇಟ್ಟು, ಒಂದು ಕ್ಷಣ ಹಿಡಿದಳು.

“ಬಿಡಕ್ಕಾ,” ಅಂದಳು ಹುಸೇನಬಿ.

ಬಿಟ್ಟಳು. ಅವತ್ತು ಆ ಪೆಟ್ಟಿಗೆಗೆ ಅದೇ ಮೊದಲ ಕಾಗದವಿರಬೇಕು. ತಳಕ್ಕೆ ತಾಗಿದ ಸಪ್ಪಳ ಎಲ್ಲರಿಗೂ ಕೇಳಿಸಿತು.

“ಸೊನ್ನಿ,” ಅಂದಳು ಹುಸೇನಬಿ.

“ಲಾಭ,” ಅಂದಳು ಬಾಳವ್ವ.